ಹರಿಕೇನ್‌ಗಳನ್ನೂ ಹವಾಮಾನ ಬದಲಾವಣೆಯನ್ನೂ ಒಟ್ಟಿಗೆ ಕಲಿಸುವುದು ಹೇಗೆ?

ಹ್ಯೂಸ್ಟನ್ ಶಿಕ್ಷಕಿ

ಟೆಕ್ಸಸ್‌ನ ಹ್ಯೂಸ್ಟನ್ ನಗರದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಅಟ್ಲಾಂಟಿಕ್‌ನ ಪ್ರಬಲ ಚಂಡಮಾರುತಗಳಿಗೆ ಇಲ್ಲಿ ಹರಿಕೇನ್ ಎನ್ನುತ್ತಾರೆ; ಅವುಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ. ಅದು ಏರುಮುಖದಲ್ಲಿರುವ ಆಗಸ್ಟ್‌ನಲ್ಲಿಯೇ ನಮ್ಮ ಶಾಲೆಗಳು ಆರಂಭವಾಗುವುದರಿಂದ ಈ ಪಾಠವನ್ನು ಮುಂದೂಡುವಂತೆಯೇ ಇಲ್ಲ. ತೊಂದರೆಯಿರುವುದು ಮಕ್ಕಳು ಮನೆಯಿಂದ ಹೊತ್ತು ತರುವ ಸಿದ್ಧ ಉತ್ತರಗಳಲ್ಲಿ. 2017ರ ಹಾರ್ವೆ ಹರಿಕೇನ್ ಬಂದದ್ದೇ ಹವಾಮಾನ ಬದಲಾವಣೆಯಿಂದ ಎಂದು ಕೆಲವರು ಹೇಳುತ್ತಾರೆ. ಇಲ್ಲೇ ಪಕ್ಕದ ಗ್ಯಾಲ್ವೆಸ್ಟನ್ ದ್ವೀಪದಲ್ಲಿ 1900ರ ಹರಿಕೇನ್ ಸುಮಾರು ಎಂಟು ಸಾವಿರ ಜನರನ್ನು ಬಲಿ ತೆಗೆದುಕೊಂಡಾಗ ರಸ್ತೆಯ ಮೇಲೆ ಎಷ್ಟು ಕಾರುಗಳಿದ್ದವು ಎಂದು ಇನ್ನು ಕೆಲವರು ಮರುಪ್ರಶ್ನೆ ಹಾಕುತ್ತಾರೆ. ಎರಡೂ ಗುಂಪಿನವರು ಹರಿಕೇನನ್ನು ಒಂದು ಇಡಿಯಾದ ವಸ್ತುವೆಂದು ಭಾವಿಸಿ, ಅದಕ್ಕೆ ಹೌದು ಅಥವಾ ಅಲ್ಲ ಎಂಬ ಉತ್ತರ ಬೇಡುತ್ತಾರೆ.

ಹಾಗಾಗಿ ಮೊದಲ ವಾರ ಹವಾಮಾನ ಬದಲಾವಣೆಯ ಹೆಸರೆತ್ತದೆ ಹಾರ್ವೆಯ ಪಥವನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸಲು ಹೇಳುತ್ತೇನೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರವು 1851ರಿಂದೀಚಿನ ಚಂಡಮಾರುತಗಳ ಸ್ಥಾನ, ಗಾಳಿಯ ವೇಗಗಳನ್ನು ಆರು ಗಂಟೆಗೊಂದು ಸಾಲಿನಂತೆ ಉಚಿತವಾಗಿ ಒದಗಿಸುತ್ತದೆ. ಹಾರ್ವೆ ಮೆಕ್ಸಿಕೋ ಕೊಲ್ಲಿಯ ದಕ್ಷಿಣ ಭಾಗವಾದ ಕ್ಯಾಂಪೀಚೆ ಕೊಲ್ಲಿಯಲ್ಲಿ ಮರುಹುಟ್ಟು ಪಡೆದು ವಾಯವ್ಯಕ್ಕೆ ಬರುವವರೆಗೆ ಚುಕ್ಕೆಗಳು ದೂರದೂರ ಬೀಳುತ್ತವೆ. ಆಗಸ್ಟ್ 25ರ ರಾತ್ರಿ ಟೆಕ್ಸಸ್‌ನ ರಾಕ್‌ಪೋರ್ಟ್ ಬಳಿ ಭೂಮಿಗೆ ಅಪ್ಪಳಿಸಿದ ಮೇಲೆ ಅವು ಒಂದರ ಮೇಲೊಂದು ಮುತ್ತಿಕೊಂಡು, ಪೆನ್ಸಿಲ್ ಇಡಲು ಜಾಗವಿಲ್ಲದಂತಾಗುತ್ತವೆ. ಅದು ಮತ್ತೆ ಸಮುದ್ರಕ್ಕಿಳಿದು, ಆಗಸ್ಟ್ 30ರಂದು ಲೂಯಿಸಿಯಾನಾದ ಕ್ಯಾಮರಾನ್ ಬಳಿ ಎರಡನೆಯ ಬಾರಿ ದಡ ಸೇರುತ್ತದೆ. ಚುಕ್ಕೆಗಳು ಯಾಕೆ ಗುಂಪುಗೂಡಿದವು ಎಂದು ಮಕ್ಕಳೇ ಕೇಳಿದಾಗ ಮಳೆಯ ಪಾಠ ಶುರುವಾಗುತ್ತದೆ. ಚಂಡಮಾರುತ ನಿಂತಲ್ಲೇ ನಿಂತಿತು. ಟೆಕ್ಸಸ್‌ನ ನೆಡರ್‌ಲ್ಯಾಂಡ್ ಎಂಬ ಊರಿನಲ್ಲಿ 1,539 ಮಿ.ಮೀ. ಮಳೆ ಸುರಿಯಿತು. ಬೆಂಗಳೂರಿಗೆ ಇಡೀ ವರ್ಷ ಬೀಳುವುದು ಸುಮಾರು 970 ಮಿ.ಮೀ. ಎಂಬುದನ್ನು ನೆನೆದರೆ ಇದರ ಪ್ರಮಾಣ ಅರಿವಾದೀತು.

ಇದಾದ ಮೇಲೆ ಚಂಡಮಾರುತಗಳ ಸಂಖ್ಯೆ, ಗಾಳಿ, ಮಳೆ, ಸಮುದ್ರದ ಉಕ್ಕೇರಿಕೆ (ಗಾಳಿ ತಳ್ಳಿದ ಸಮುದ್ರದ ನೀರು ದಡಕ್ಕೆ ಏರಿ ಬರುವುದು) ಎಂಬ ನಾಲ್ಕು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಎತ್ತಿಕೊಳ್ಳುತ್ತೇನೆ. ಈ ಕ್ರಮ ಸರಿಯೇ, ಕರ್ನಾಟಕದ ತರಗತಿಗೂ ಹೊಂದುತ್ತದೆಯೇ ಎಂಬುದನ್ನು ಇಲ್ಲಿರುವ ಶಿಕ್ಷಕರಿಂದ ತಿಳಿಯುವ ಆಸೆ.

ಹವಾಮಾನ ಸಂಶೋಧಕ, ಬೆಂಗಳೂರು

ನಾಲ್ಕಾಗಿ ಒಡೆಯುವ ಕ್ರಮ ಸರಿಯಾಗಿದೆ, ಏಕೆಂದರೆ ವಿಜ್ಞಾನಕ್ಕಿರುವ ಖಚಿತತೆ ಈ ನಾಲ್ಕಕ್ಕೂ ಒಂದೇ ಮಟ್ಟದಲ್ಲಿಲ್ಲ. ಆದರೆ ಅದಕ್ಕೂ ಮುಂಚೆ ಚಂಡಮಾರುತಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದು ಮಕ್ಕಳಿಗೆ ಮನದಟ್ಟಾಗಿರಬೇಕು. ಸಾಮಾನ್ಯವಾಗಿ ಸಮುದ್ರದ ನೀರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಆ ಬಿಸಿ ಮೇಲ್ಪದರದಲ್ಲಷ್ಟೇ ಇರದೆ ಸುಮಾರು 50 ಮೀಟರ್ ಆಳದವರೆಗೆ ಇರಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಮತ್ತು ದಿಕ್ಕು ಹೆಚ್ಚು ಬದಲಾಗಬಾರದು, ಜಾಗವು ಭೂಮಧ್ಯರೇಖೆಯಿಂದ ಕನಿಷ್ಠ ಐದು ಡಿಗ್ರಿಯಷ್ಟಾದರೂ ದೂರವಿರಬೇಕು. ಆವಿಯಾದ ನೀರು ಮೇಲೆ ಹೋಗಿ ಮತ್ತೆ ಹನಿಯಾಗುವಾಗ, ಅದು ಸಮುದ್ರದಿಂದ ಹೊತ್ತೊಯ್ದ ಶಾಖವನ್ನು ಅಲ್ಲಿ ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಕೈಗೆ ತಾಗಿ ಹನಿಗಟ್ಟಿದೊಡನೆ ಸುಡುವುದು ಇದೇ ಶಾಖದಿಂದ. ಹೀಗೆ ಬಿಸಿಯಾದ ಗಾಳಿ ಮತ್ತಷ್ಟು ಮೇಲೇರಿ, ಕೆಳಗೆ ಒತ್ತಡ ಕುಸಿದು, ಸುತ್ತಲಿನ ತೇವದ ಗಾಳಿ ಒಳಕ್ಕೆ ನುಗ್ಗುತ್ತದೆ.

ಇದು ತಿಳಿದಿದ್ದರೆ ಮಳೆಯ ವಿಚಾರ ಸುಲಭ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಇದರಲ್ಲಿ ವಿವಾದವಿಲ್ಲ. ಉಕ್ಕೇರಿಕೆಯ ವಿಷಯವೂ ಹಾಗೆಯೇ: 1901ರಿಂದ 2018ರೊಳಗೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂ.ಮೀ. ಏರಿರುವುದರಿಂದ, ಅಂದಿನಷ್ಟೇ ಬಲದ ಚಂಡಮಾರುತ ಇಂದು ಬಂದರೂ ನೀರು ಇನ್ನೂ ಎತ್ತರದಿಂದ ಒಳನುಗ್ಗುತ್ತದೆ. ಗಾಳಿಯ ವಿಷಯದಲ್ಲಿ ಖಚಿತತೆ ಒಂದು ಮೆಟ್ಟಿಲು ಕೆಳಗೆ. ಗಾಳಿಯ ವೇಗ ನೋಡಿ ಚಂಡಮಾರುತಗಳನ್ನು ಒಂದರಿಂದ ಐದು ವರ್ಗಗಳಾಗಿ ವಿಂಗಡಿಸುತ್ತಾರೆ; ಒಟ್ಟು ಚಂಡಮಾರುತಗಳಲ್ಲಿ ಮೂರನೆಯ ವರ್ಗ ಮತ್ತು ಅದಕ್ಕೂ ಮೇಲಿನವುಗಳ ಪಾಲು ಕಳೆದ ನಾಲ್ಕು ದಶಕಗಳಲ್ಲಿ ಬಹುಶಃ ಹೆಚ್ಚಿದೆ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಹೇಳುತ್ತದೆ. ಸಂಖ್ಯೆಯ ವಿಷಯಕ್ಕೆ ಬಂದರೆ, ಭೂಮಿ ಬಿಸಿಯಾದಂತೆ ಜಗತ್ತಿನ ಒಟ್ಟು ಚಂಡಮಾರುತಗಳು ಹೆಚ್ಚುತ್ತವೆ ಎಂದು ಆ ವರದಿ ಹೇಳುವುದಿಲ್ಲ. ಅವು ಇದ್ದಷ್ಟೇ ಇರಬಹುದು, ಕಡಿಮೆಯೂ ಆಗಬಹುದು ಎಂಬುದು ಅದರ ಅಂದಾಜು. ಪೋಸ್ಟರ್ ಸ್ಪರ್ಧೆಗಳಲ್ಲಿ ಮಕ್ಕಳು ಬರೆದು ತರುವ "ಚಂಡಮಾರುತಗಳು ಹೆಚ್ಚುತ್ತಿವೆ" ಎಂಬ ವಾಕ್ಯಕ್ಕೆ ಬಹುಮಾನ ಕೊಡುವ ಮುನ್ನ ತೀರ್ಪುಗಾರರು ಇದನ್ನು ಓದಿಕೊಂಡರೆ ಒಳ್ಳೆಯದು.

ನಿವೃತ್ತ ಎಂಜಿನಿಯರ್, ಮೈಸೂರು

ಕೊನೆಗೂ ಒಬ್ಬರು ಸಂಖ್ಯೆಯ ಬಗ್ಗೆ ಸರಿಯಾಗಿ ಹೇಳಿದರು. ಆದರೂ ನನ್ನ ಆಕ್ಷೇಪ ಉಳಿದಿದೆ. 1960ರ ದಶಕದಲ್ಲಿ ಉಪಗ್ರಹಗಳು ಬರುವವರೆಗೆ ಸಮುದ್ರದ ನಡುವೆ ಹುಟ್ಟಿ ಅಲ್ಲೇ ಸತ್ತ ಎಷ್ಟೋ ಚಂಡಮಾರುತಗಳನ್ನು ಯಾವ ಹಡಗೂ ಕಂಡಿರಲಿಲ್ಲ. ಹಾಗಿರುವಾಗ 2005ರಲ್ಲಿ 28, 2020ರಲ್ಲಿ 30 ಎಂಬ ಅಟ್ಲಾಂಟಿಕ್‌ನ ದಾಖಲೆಗಳನ್ನು 19ನೆಯ ಶತಮಾನದ ಎಣಿಕೆಯ ಪಕ್ಕದಲ್ಲಿಟ್ಟು ಮಕ್ಕಳಿಗೆ ತೋರಿಸುವುದು ನ್ಯಾಯವಲ್ಲ. 1970, 80ರ ದಶಕಗಳಲ್ಲಿ ಅಟ್ಲಾಂಟಿಕ್ ಶಾಂತವಾಗಿತ್ತು, ಆಮೇಲೆ ಚುರುಕಾಯಿತು. ಇದು ಸಹಜವಾದ ಏರಿಳಿತವೂ ಆಗಿರಬಹುದಲ್ಲವೇ? ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ಭೂಮಧ್ಯರೇಖೆಯ ಭಾಗ ಅಸಹಜವಾಗಿ ಬಿಸಿಯಾಗುವುದು, ಇದ್ದ ವರ್ಷ ಅಟ್ಲಾಂಟಿಕ್‌ನಲ್ಲಿ ಹರಿಕೇನ್‌ಗಳು ಸಾಮಾನ್ಯವಾಗಿ ತಗ್ಗುತ್ತವೆ ಎಂಬುದನ್ನು ಶಾಲೆಯಲ್ಲಿ ಯಾರೂ ಹೇಳುವುದಿಲ್ಲ. ಅರ್ಧ ವಿಜ್ಞಾನವನ್ನು ಪೂರ್ತಿ ನಂಬಿಕೆಯನ್ನಾಗಿ ಬೋಧಿಸುವುದಕ್ಕೆ ನನ್ನ ವಿರೋಧ.

ಹವಾಮಾನ ಸಂಶೋಧಕ, ಬೆಂಗಳೂರು

ಉಪಗ್ರಹಗಳ ಮಾತು ನಿಜ. ತರಗತಿಯಲ್ಲಿ ಅದನ್ನು ಮುಚ್ಚಿಡದೆ ಒಂದು ಅಭ್ಯಾಸವನ್ನಾಗಿಯೇ ಮಾಡಬಹುದು. ಒಂದೇ ದತ್ತಾಂಶದಿಂದ ಎರಡು ರೇಖಾಚಿತ್ರ ಬರೆಸಿ: ಒಂದರಲ್ಲಿ ಹೆಸರು ಪಡೆದ ಎಲ್ಲ ಚಂಡಮಾರುತಗಳೂ ಇರಲಿ, ಇನ್ನೊಂದರಲ್ಲಿ ಅಮೆರಿಕದ ನೆಲಕ್ಕೆ ಅಪ್ಪಳಿಸಿದ ಹರಿಕೇನ್‌ಗಳಷ್ಟೇ ಇರಲಿ. ನೆಲಕ್ಕೆ ಬಂದವುಗಳನ್ನು ಹಿಂದಿನವರೂ ಸಾಮಾನ್ಯವಾಗಿ ಎಣಿಸದೆ ಬಿಟ್ಟಿರಲಾರರು. ಮೊದಲ ಚಿತ್ರದಲ್ಲಿ ಕಾಣುವ ಏರಿಕೆ ಎರಡನೆಯದರಲ್ಲಿ ಕಾಣುವುದಿಲ್ಲ. ಯಾಕೆ ಎಂದು ಮಕ್ಕಳು ಚರ್ಚಿಸಲಿ.

ಶಾಂತ ದಶಕಗಳ ವಿಷಯಕ್ಕೆ ಸಹಜ ಏರಿಳಿತವೊಂದೇ ವಿವರಣೆಯಲ್ಲ. ಆ ಕಾಲದಲ್ಲಿ ಅಮೆರಿಕ ಮತ್ತು ಯುರೋಪಿನ ಕಾರ್ಖಾನೆಗಳ ಗಂಧಕದ ಹೊಗೆಯಿಂದಾದ ಸೂಕ್ಷ್ಮ ಕಣಗಳು ಬಿಸಿಲನ್ನು ತಡೆದು ಅಟ್ಲಾಂಟಿಕನ್ನು ತಂಪಾಗಿಟ್ಟಿದ್ದವು. ಮಾಲಿನ್ಯ ನಿಯಂತ್ರಣದ ಕಾಯಿದೆಗಳು ಬಂದು ಗಾಳಿ ಶುದ್ಧವಾದ ಮೇಲೆ ಸಮುದ್ರ ಬೆಚ್ಚಗಾಯಿತು ಎಂಬುದಕ್ಕೆ ಬಲವಾದ ಅಧ್ಯಯನಗಳಿವೆ. ಮನುಷ್ಯನ ಕೈವಾಡವೆಂದರೆ ಇಂಗಾಲದ ಡೈಆಕ್ಸೈಡ್ ಮಾತ್ರ ಅಲ್ಲ ಎಂಬ ಈ ತೊಡಕನ್ನು ಹೈಸ್ಕೂಲಿನ ಮಕ್ಕಳು ಬಹಳ ಆಸಕ್ತಿಯಿಂದ ಕೇಳುತ್ತಾರೆ.

ಹಾರ್ವೆಯ ಮಳೆಯನ್ನೇ ತೆಗೆದುಕೊಳ್ಳಿ. ಹವಾಮಾನ ಬದಲಾಗದಿದ್ದರೆ ಎಷ್ಟು ಮಳೆ ಬೀಳುತ್ತಿತ್ತು ಎಂದು ಹೋಲಿಸಿ ನೋಡಿದ ಒಂದು ಅಧ್ಯಯನದ ಪ್ರಕಾರ ಹೆಚ್ಚಳ ಸುಮಾರು ಶೇ. 15, ಅಂದರೆ 8 ಮತ್ತು 19ರ ನಡುವೆ ಎಲ್ಲೋ ಇದೆ. ಇನ್ನೊಂದು ಅಧ್ಯಯನ ಶೇ. 38 ಎನ್ನುತ್ತದೆ. ಜಗತ್ತು ಆಗ ಬಿಸಿಯಾಗಿದ್ದದ್ದು ಸುಮಾರು ಒಂದು ಡಿಗ್ರಿ, ಹಾಗಾದರೆ ಶೇ. 7 ಆಗಬೇಕಿತ್ತಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಹೆಚ್ಚು ಆವಿ ಹನಿಯಾದಾಗ ಹೆಚ್ಚು ಶಾಖ ಬಿಡುಗಡೆಯಾಗಿ, ಚಂಡಮಾರುತವು ಸುತ್ತಲಿನ ತೇವವನ್ನು ಇನ್ನೂ ಜೋರಾಗಿ ಒಳಕ್ಕೆಳೆದುಕೊಳ್ಳುವುದು ಅದಕ್ಕೆ ಮುಖ್ಯ ಕಾರಣಗಳಲ್ಲೊಂದು. ಅದು ನಿಂತಲ್ಲೇ ನಿಂತದ್ದಕ್ಕೂ ಹವಾಮಾನ ಬದಲಾವಣೆಗೂ ನಂಟಿದೆಯೇ ಎಂಬುದು ಮಾತ್ರ ಇನ್ನೂ ಚರ್ಚೆಯಲ್ಲಿರುವ ವಿಷಯ, ಅದನ್ನು ಹಾಗೆಯೇ ಹೇಳಬೇಕು.

ತೀರ್ಥಹಳ್ಳಿಯಿಂದ ಒಬ್ಬ ಶಿಕ್ಷಕ

1,539 ಮಿ.ಮೀ. ಎಂದು ಹೇಳಿದರೆ ನಮ್ಮ ಮಕ್ಕಳು ನಗುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ದಾಟುತ್ತದೆ, ಜುಲೈ ಒಂದರಲ್ಲೇ ಹ್ಯೂಸ್ಟನ್‌ನ ಲೆಕ್ಕ ಮುಗಿದಿರುತ್ತದೆ. ಇಷ್ಟು ಮಳೆಗೆ ಅಮೆರಿಕದ ದೊಡ್ಡ ನಗರವೊಂದು ಮುಳುಗಿದ್ದು ಯಾಕೆ ಎಂಬುದನ್ನು ಅವರಿಗೆ ಹೇಗೆ ವಿವರಿಸುವುದು?

ಹ್ಯೂಸ್ಟನ್ ಶಿಕ್ಷಕಿ

ಈ ಪ್ರಶ್ನೆಗಾಗಿಯೇ ನಾನು ಹಾರ್ವೆಯನ್ನು ಆರಿಸಿಕೊಂಡದ್ದು. ಆಗುಂಬೆಯ ಮಳೆ ತಿಂಗಳುಗಟ್ಟಲೆ ಹರಡಿಕೊಂಡು ಬೀಳುತ್ತದೆ, ಘಟ್ಟದ ಇಳಿಜಾರಿನಲ್ಲಿ ಹರಿದು ಹೋಗುತ್ತದೆ, ಆ ಮಳೆಗೆ ಒಗ್ಗಿದ ಕಾಡು ಅಲ್ಲಿದೆ. ಹ್ಯೂಸ್ಟನ್ ಚಪ್ಪಟೆಯಾದ ಬಯಲು, ನೀರಿಂಗದ ಜೇಡಿಮಣ್ಣು, ಅದರ ಮೇಲೆ ಮೈಲಿಗಟ್ಟಲೆ ಕಾಂಕ್ರೀಟು. ಅಂತರ್ಜಲವನ್ನೂ ಎಣ್ಣೆಯನ್ನೂ ಹೀರಿ ತೆಗೆದದ್ದರಿಂದ ಈ ಪ್ರದೇಶದ ಕೆಲವು ಭಾಗಗಳ ನೆಲ ಕಳೆದ ಶತಮಾನದಲ್ಲಿ ಸುಮಾರು ಮೂರು ಮೀಟರ್‌ನಷ್ಟು ಕುಸಿದಿದೆ.

ಮಕ್ಕಳನ್ನು ಹೆಚ್ಚು ತಟ್ಟುವುದು ಆಡಿಕ್ಸ್ ಮತ್ತು ಬಾರ್ಕರ್ ಎಂಬ ಎರಡು ಜಲಾಶಯಗಳ ಕಥೆ. ನಗರವನ್ನು ಪ್ರವಾಹದಿಂದ ಕಾಪಾಡಲು 1940ರ ದಶಕದಲ್ಲಿ ಕಟ್ಟಿದ ಇವು ಬಹುಪಾಲು ಕಾಲ ಒಣಗಿಯೇ ಇರುತ್ತವೆ. ನೀರು ತುಂಬಿದರೆ ಎಲ್ಲಿಯವರೆಗೆ ನಿಲ್ಲಬಹುದೆಂದು ಲೆಕ್ಕ ಹಾಕಲಾಗಿತ್ತೋ ಆ ಜಾಗದೊಳಗೇ ದಶಕಗಳುದ್ದಕ್ಕೂ ಬಡಾವಣೆಗಳು ಎದ್ದವು. 2017ರ ಆಗಸ್ಟ್ 28ರಂದು ಕಟ್ಟೆಗಳ ಮೇಲಿನ ಒತ್ತಡ ತಗ್ಗಿಸಲು ನೀರು ಬಿಟ್ಟಾಗ ಕೆಳಗಿನ ಮನೆಗಳು ಮುಳುಗಿದವು, ಹಿಂದೆ ನಿಂತ ನೀರಿನಲ್ಲಿ ಮೇಲಿನ ಮನೆಗಳೂ ಮುಳುಗಿದವು. ಟೆಕ್ಸಸ್‌ನಲ್ಲಿ ಹಾರ್ವೆಯಿಂದ ನೇರವಾಗಿ ಸತ್ತ 68 ಜನರಲ್ಲಿ ಬಹುತೇಕ ಎಲ್ಲರೂ ಮಳೆಯ ನೀರಿಗೆ ಬಲಿಯಾದವರು, ಗಾಳಿಗಲ್ಲ. ಆದರೆ ಚಂಡಮಾರುತಕ್ಕೆ ಒಂದರಿಂದ ಐದರವರೆಗೆ ಅಂಕ ಕೊಡುವ ಸಾಫಿರ್-ಸಿಂಪ್ಸನ್ ಮಾಪಕ ನೋಡುವುದು ಗಾಳಿಯನ್ನಷ್ಟೇ. ದಡಕ್ಕೆ ಬಂದಾಗ ನಾಲ್ಕನೆಯ ವರ್ಗದಲ್ಲಿದ್ದ ಹಾರ್ವೆ ಹ್ಯೂಸ್ಟನ್ನನ್ನು ಮುಳುಗಿಸುವ ಹೊತ್ತಿಗೆ ಹರಿಕೇನ್ ಎನ್ನಿಸಿಕೊಳ್ಳುವಷ್ಟೂ ಗಾಳಿಯನ್ನು ಉಳಿಸಿಕೊಂಡಿರಲಿಲ್ಲ. ವರ್ಗದ ಸಂಖ್ಯೆ ಇಳಿಯಿತೆಂದು ನಿಟ್ಟುಸಿರು ಬಿಡಬೇಡಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಕುಂದಾಪುರದ ಪ್ರೌಢಶಾಲಾ ಶಿಕ್ಷಕ

ಎಲ್ಲವೂ ಸರಿ, ಆದರೆ ಅರಬ್ಬೀ ಸಮುದ್ರದ ದಂಡೆಯಲ್ಲಿ ಕುಳಿತು ಮೆಕ್ಸಿಕೋ ಕೊಲ್ಲಿಯ ಚುಕ್ಕೆಗಳನ್ನು ಎಣಿಸುವುದು ಯಾಕೆ? 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಗೆ ಸಮಾನಾಂತರವಾಗಿ ಸಾಗಿ ಮೇ 17ರಂದು ಗುಜರಾತಿನಲ್ಲಿ ದಡ ಸೇರಿತು. ಅದರ ಕೇಂದ್ರ ಕರ್ನಾಟಕದ ನೆಲವನ್ನು ಮುಟ್ಟಲೇ ಇಲ್ಲ. ಆದರೂ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡಗಳಲ್ಲಿ ಅಲೆಗಳು ರಸ್ತೆ ಕೊರೆದವು, ಮನೆಗಳನ್ನು ಕೆಡವಿದವು, ದೋಣಿಗಳನ್ನು ಒಡೆದವು. ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಮೀನುಗಾರರ ಮನೆಯವರು. ತೂಫಾನು ಎಂದರೇನೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ, ಗಾಳಿ ಯಾವ ಕಡೆಯಿಂದ ತಿರುಗಿತೆಂದು ನೋಡಿ ದೋಣಿ ಮೇಲೆಳೆಯುವ ಅಜ್ಜಂದಿರ ಜೊತೆ ಬೆಳೆದವರು ಅವರು. ಅವರಿಗೆ ಬೇಕಿರುವುದು ಆ ತಿಳಿವಳಿಕೆಯ ಹಿಂದಿನ ಕಾರಣ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಕೇಂದ್ರ ಎಡಗಡೆಗಿರುತ್ತದೆ ಎಂಬ ನಿಯಮವನ್ನು ಮರಳಿನ ಮೇಲೆ ನಿಂತು ಕಲಿಸಿದ್ದೇನೆ. ಮರುದಿನ ಮನೆಯಲ್ಲಿ ಅಜ್ಜನನ್ನು ಪರೀಕ್ಷೆ ಮಾಡಿ ಬಂದ ಹುಡುಗಿಯೊಬ್ಬಳು, ಅಜ್ಜ ಪಾಸು ಎಂದು ವರದಿ ಒಪ್ಪಿಸಿದಳು.

ಪಠ್ಯಪುಸ್ತಕದಿಂದ ಇಂಥದಕ್ಕೆ ಸಿಗುವ ಆಸರೆ 2022ರಲ್ಲಿ ಕಡಿಮೆಯಾಯಿತು. ಎನ್‌ಸಿಇಆರ್‌ಟಿಯ ಏಳನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಗಾಳಿ, ಬಿರುಗಾಳಿ, ಚಂಡಮಾರುತಗಳ ಮೇಲೆ ಒಂದು ಒಳ್ಳೆಯ ಅಧ್ಯಾಯವಿತ್ತು. 2022ರ ಪಠ್ಯ ಕಡಿತದಲ್ಲಿ ಅದನ್ನು ಕೈಬಿಟ್ಟರು.

ಹವಾಮಾನ ಸಂಶೋಧಕ, ಬೆಂಗಳೂರು

ತೌಕ್ತೆಯನ್ನು ಕಲಿಸಲೇಬೇಕು. ಆದರೆ ಒಂದು ಎಚ್ಚರಿಕೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಎರಡು ದಶಕಗಳಿಗೆ ಹೋಲಿಸಿದರೆ 2001ರಿಂದ 2019ರ ಅವಧಿಯಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳು ಶೇ. 52ರಷ್ಟು ಹೆಚ್ಚಿವೆ; ಬಂಗಾಳ ಕೊಲ್ಲಿಯಲ್ಲಿ ಶೇ. 8ರಷ್ಟು ಕಡಿಮೆಯಾಗಿವೆ. 2019ರಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು ಬಂದವು. ಈ ಅಂಕಿಗಳು ಮುಖ್ಯವೇ, ಆದರೆ ಅರಬ್ಬೀ ಸಮುದ್ರದಲ್ಲಿ ವರ್ಷಕ್ಕೆ ಹುಟ್ಟುವುದೇ ಒಂದೆರಡು ಚಂಡಮಾರುತ. ಇಷ್ಟು ಚಿಕ್ಕ ಸಂಖ್ಯೆಗಳಲ್ಲಿ ಶೇಕಡಾವಾರು ಏರಿಕೆ ದೊಡ್ಡದಾಗಿ ಕಾಣುವುದು ಸಹಜ ಎಂಬುದನ್ನೂ ಮಕ್ಕಳು ಅರಿಯಬೇಕು. ಜಗತ್ತಿನ ಒಟ್ಟು ಸಂಖ್ಯೆ ಹೆಚ್ಚದೆ ಒಂದು ಸಮುದ್ರದ ಸಂಖ್ಯೆ ಹೆಚ್ಚಬಹುದು. ಎರಡು ಮಾತಿಗೂ ವಿರೋಧವಿಲ್ಲ.

ಮಳೆಗಾಲದ ನಡುವೆ, ಜುಲೈ, ಆಗಸ್ಟ್‌ಗಳಲ್ಲಿ ಇಲ್ಲಿ ಚಂಡಮಾರುತ ಯಾಕೆ ಅಪರೂಪ ಎಂಬುದನ್ನೂ ಕೇಳಿಸಿ. ಮುಂಗಾರಿನ ಗಾಳಿ ಕೆಳಗೆ ಒಂದು ದಿಕ್ಕಿಗೂ ಮೇಲೆ ಇನ್ನೊಂದು ದಿಕ್ಕಿಗೂ ಬೀಸುವುದರಿಂದ ಚಂಡಮಾರುತದ ಕಂಬ ನೆಟ್ಟಗೆ ನಿಲ್ಲಲಾರದು. ಎಲ್ ನಿನೊ ಅಟ್ಲಾಂಟಿಕ್‌ನಲ್ಲಿ ಹರಿಕೇನ್‌ಗಳನ್ನು ತಗ್ಗಿಸುವುದೂ ಬಹುಮಟ್ಟಿಗೆ ಇದೇ ಕಾರಣಕ್ಕೆ.

ನ್ಯೂಜೆರ್ಸಿಯ ಒಬ್ಬ ತಂದೆ

ಪೋಷಕನಾಗಿ ಒಂದು ಮಾತು. ನಮ್ಮ ನ್ಯೂಜೆರ್ಸಿ ರಾಜ್ಯವು ಹವಾಮಾನ ಬದಲಾವಣೆಯನ್ನು ವಿಜ್ಞಾನಕ್ಕಷ್ಟೇ ಬಿಡದೆ, ಶಿಶುವಿಹಾರದಿಂದಲೇ ಚಿತ್ರಕಲೆ, ವ್ಯಾಯಾಮದ ತರಗತಿಗಳವರೆಗೂ ಸೇರಿಸಬೇಕೆಂದು 2020ರಲ್ಲಿ ತೀರ್ಮಾನಿಸಿ, 2022ರ ಸೆಪ್ಟೆಂಬರ್‌ನಿಂದ ಜಾರಿಗೆ ತಂದಿತು. ಅಮೆರಿಕದಲ್ಲಿ ಇದನ್ನು ಮಾಡಿದ ಮೊದಲ ರಾಜ್ಯ ನಮ್ಮದು. 2012ರ ಸ್ಯಾಂಡಿ ಚಂಡಮಾರುತದ ನೆನಪು ಈ ಕರಾವಳಿಯವರಿಗೆ ಇನ್ನೂ ಹಸಿಯಾಗಿರುವುದರಿಂದ ಉತ್ಸಾಹ ಅರ್ಥವಾಗುತ್ತದೆ. ಉದ್ದೇಶವೂ ಒಳ್ಳೆಯದೇ. ಆದರೆ ಪ್ರತಿ ಪಿರಿಯಡ್‌ನಲ್ಲೂ ಸ್ವಲ್ಪ ಸ್ವಲ್ಪ ಬರುವುದರಿಂದ, ನನ್ನ ಮಗಳಿಗೆ ಆತಂಕ ಹಲವು ಪಟ್ಟು ಸಿಕ್ಕಿದೆ, ವಿವರಣೆ ಒಂದು ಪಟ್ಟೂ ಸಿಕ್ಕಿಲ್ಲ. ಸ್ಯಾಂಡಿ ಬಂದಾಗ ನ್ಯೂಯಾರ್ಕ್ ಬಂದರಿನ ಸಮುದ್ರಮಟ್ಟ 1900ಕ್ಕಿಂತ ಸುಮಾರು 30 ಸೆಂ.ಮೀ. ಮೇಲಿತ್ತು, ಅದರಲ್ಲಿ ಒಂದಷ್ಟು ಪಾಲು ನೆಲವೇ ಕುಸಿಯುತ್ತಿರುವುದರಿಂದ ಬಂದದ್ದು ಎಂಬುದನ್ನು ನಾನೇ ನಕ್ಷೆ ಹಿಡಿದು ಹೇಳಿಕೊಡಬೇಕಾಯಿತು. ಆ 30 ಸೆಂ.ಮೀ.ಯಿಂದ ಎಷ್ಟು ಹೆಚ್ಚು ಬೀದಿಗಳಿಗೆ ನೀರು ನುಗ್ಗಿತೆಂದು ಬಣ್ಣ ತುಂಬಿದ ಮೇಲೆ ಅವಳ ಪ್ರಶ್ನೆಗಳು ಬದಲಾದವು: ಸಬ್‌ವೇ ಬಾಗಿಲುಗಳನ್ನು ಎತ್ತರಿಸಬಹುದೇ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಎಂದು ಕೇಳತೊಡಗಿದಳು.

ಗಣಿತ ಶಿಕ್ಷಕಿ, ಹುಬ್ಬಳ್ಳಿ

ಇದು ಗಣಿತದ ಪಾಠವೂ ಹೌದು ಎಂದು ನೆನಪಿಸುತ್ತೇನೆ. 2017ರ ಸೆಪ್ಟೆಂಬರ್ 20ರಂದು ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಹರಿಕೇನ್ ಅಪ್ಪಳಿಸಿದ ಮೇಲೆ ಸತ್ತವರು 64 ಎಂದು ಸರ್ಕಾರ ಬಹುಕಾಲ ಹೇಳುತ್ತಿತ್ತು. ಸಾಮಾನ್ಯ ವರ್ಷದಲ್ಲಿ ಆ ತಿಂಗಳುಗಳಲ್ಲಿ ಎಷ್ಟು ಸಾವು ನಿರೀಕ್ಷಿತ, ಆ ವರ್ಷ ಎಷ್ಟಾಯಿತು ಎಂದು ಕಳೆದು ನೋಡಿದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2,975 ಎಂದಿತು. 2018ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನೇ ಒಪ್ಪಿಕೊಂಡಿತು. ಮನೆಮನೆ ಸಮೀಕ್ಷೆ ಮಾಡಿದ ಹಾರ್ವರ್ಡ್ ನೇತೃತ್ವದ ತಂಡದ ಅಂದಾಜು 4,645, ಆದರೆ ಅದರ ವ್ಯಾಪ್ತಿ 793ರಿಂದ 8,498ರವರೆಗೆ ಚಾಚಿತ್ತು. ಪತ್ರಿಕೆಗಳು ನಡುವಿನ ಒಂದು ಸಂಖ್ಯೆಯನ್ನಷ್ಟೇ ಶೀರ್ಷಿಕೆಗೆ ಏರಿಸಿದವು. ಹತ್ತನೆಯ ತರಗತಿಯ ಸಂಖ್ಯಾಶಾಸ್ತ್ರದ ಅಧ್ಯಾಯಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ಬೇಕೇ? ಗಾಳಿ ಬೀಸಿದ ದಿನ ಸತ್ತವರಿಗಿಂತ, ತಿಂಗಳುಗಟ್ಟಲೆ ವಿದ್ಯುತ್ತಿಲ್ಲದೆ, ಡಯಾಲಿಸಿಸ್ ಸಿಗದೆ, ಔಷಧ ಕೆಟ್ಟು ಸತ್ತವರೇ ಹೆಚ್ಚು ಎಂಬುದು ಇಂಥ ಅಧ್ಯಯನಗಳಿಂದಲೇ ಹೊರಬಂತು.

ನಿವೃತ್ತ ಎಂಜಿನಿಯರ್, ಮೈಸೂರು

ಹೀಗೆ ಕಲಿಸುವುದಾದರೆ ನನ್ನ ತಕರಾರಿಲ್ಲ. ಆದರೆ ಮುನ್ಸೂಚನೆಯ ನಕ್ಷೆಯನ್ನೂ ಸೇರಿಸಿ. ಟಿವಿಯಲ್ಲಿ ತೋರಿಸುವ ಆ ಅಗಲವಾಗುತ್ತ ಹೋಗುವ ಬಿಳಿ ಪಟ್ಟಿಯನ್ನು ಓದಲು ವಿದ್ಯಾವಂತರಿಗೂ ಬರುವುದಿಲ್ಲ.

ಹ್ಯೂಸ್ಟನ್ ಶಿಕ್ಷಕಿ

ಖಂಡಿತ. ಆ ಪಟ್ಟಿ ಚಂಡಮಾರುತದ ಗಾತ್ರವನ್ನು ತೋರಿಸುವುದಿಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನೆಗಳು ಎಷ್ಟು ತಪ್ಪಿದ್ದವೆಂದು ನೋಡಿ, ಕೇಂದ್ರವು ಮೂರರಲ್ಲಿ ಎರಡು ಸಲ ಇದರೊಳಗೇ ಇರುತ್ತದೆ ಎಂಬ ಲೆಕ್ಕದಲ್ಲಿ ಎಳೆದ ಗೆರೆ ಅದು. ಅಂದರೆ ಮೂರರಲ್ಲೊಂದು ಸಲ ಕೇಂದ್ರವೇ ಹೊರಗೆ ಹೋಗಬಹುದು. ಮಳೆ ಮತ್ತು ಉಕ್ಕೇರಿಕೆಯಂತೂ ಹಲವು ಸಲ ಪಟ್ಟಿಯ ಆಚೆಗೂ ಚಾಚುತ್ತವೆ. 2024ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ದಡಕ್ಕೆ ಬಂದ ಹೆಲೀನ್ ಹರಿಕೇನ್, ಸಮುದ್ರದಿಂದ ನೂರಾರು ಕಿ.ಮೀ. ಒಳಗಿನ ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಪ್ರವಾಹ, ಭೂಕುಸಿತಗಳನ್ನು ತಂದಿತು. ಅಮೆರಿಕದ ಹವಾಮಾನ ದಾಖಲೆಗಳ ಭಂಡಾರವೇ ಇರುವ ಆಶ್‌ವಿಲ್ ನಗರ ಅದರಲ್ಲಿ ನಲುಗಿತು. ಘಟ್ಟದ ಮೇಲಿನ ಮಕ್ಕಳಿಗೆ ಹೆಲೀನ್ ಹೆಚ್ಚು ಹತ್ತಿರವೆನಿಸೀತು.

ಕುಂದಾಪುರದ ಪ್ರೌಢಶಾಲಾ ಶಿಕ್ಷಕ

ನ್ಯೂಜೆರ್ಸಿಯವರು ಹೇಳಿದ ಆತಂಕ ನಮ್ಮಲ್ಲಿಯೂ ಇದೆ, ಬೇರೆ ರೂಪದಲ್ಲಿ: ಅಪ್ಪ ಕಡಲಿನಲ್ಲಿರುವಾಗ ಮಗ ತರಗತಿಯಲ್ಲಿ ಈ ಪಾಠ ಕೇಳುತ್ತಿರುತ್ತಾನೆ. ಹಾಗಾಗಿ ಒಡಿಶಾದ ಎರಡು ದಿನಾಂಕಗಳನ್ನು ಜೊತೆಯಾಗಿ ಹೇಳುತ್ತೇನೆ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಅದೇ ಕರಾವಳಿಗೆ ಬಹಳ ತೀವ್ರವಾದ ಫೈಲಿನ್ ಬಂದಾಗ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ನಡುವಿನ ಹದಿನಾಲ್ಕು ವರ್ಷಗಳಲ್ಲಿ ಆಶ್ರಯ ತಾಣಗಳು ಕಟ್ಟಲ್ಪಟ್ಟವು, ಮುನ್ಸೂಚನೆ ಸುಧಾರಿಸಿತು, ಲಕ್ಷಾಂತರ ಜನರನ್ನು ಮೊದಲೇ ಸಾಗಿಸುವ ವ್ಯವಸ್ಥೆ ಬಂತು. ಇದನ್ನು ಹೇಳಿದ ಮೇಲೆ ನಮ್ಮ ಊರಿನ ಆಶ್ರಯ ತಾಣ ಎಲ್ಲಿದೆ, ಅದರ ಕೀಲಿ ಯಾರ ಬಳಿ ಇದೆ ಎಂದು ಕಂಡುಹಿಡಿದು ಬರಲು ಮಕ್ಕಳಿಗೆ ಹೇಳಿದೆ. ಎರಡನೆಯ ಪ್ರಶ್ನೆಗೆ ಉತ್ತರ ಸಿಗಲು ತಡವಾಯಿತು, ಅದೂ ಒಂದು ಪಾಠವೇ.

ಹಾರ್ವೆಯನ್ನೂ ತೌಕ್ತೆಯನ್ನೂ ಒಟ್ಟಿಗೆ ಗುರುತಿಸುವ ಪ್ರಯೋಗಕ್ಕೆ ನಾನು ಸಿದ್ಧ. ಗಾಳಿಯ ವೇಗಗಳನ್ನು ನೇರವಾಗಿ ಹೋಲಿಸಬಹುದೇ?

ಹವಾಮಾನ ಸಂಶೋಧಕ, ಬೆಂಗಳೂರು

ನೇರವಾಗಿ ಬೇಡ. ಭಾರತೀಯ ಹವಾಮಾನ ಇಲಾಖೆ ಮೂರು ನಿಮಿಷಗಳ ಸರಾಸರಿ ಗಾಳಿಯನ್ನು ಕೊಡುತ್ತದೆ, ಅಮೆರಿಕದವರು ಒಂದು ನಿಮಿಷದ್ದನ್ನು. ಅದೇ ಚಂಡಮಾರುತಕ್ಕೂ ಅವರ ಅಂಕಿ ಸ್ವಲ್ಪ ಮೇಲಿರುತ್ತದೆ. ಪಥವನ್ನೂ ಒತ್ತಡವನ್ನೂ ಹೋಲಿಸಿ, ವೇಗವನ್ನು ಒಂದೇ ಚಂಡಮಾರುತದೊಳಗಿನ ಏರಿಳಿತ ನೋಡಲು ಬಳಸಿ.

ಹ್ಯೂಸ್ಟನ್ ಶಿಕ್ಷಕಿ

ಹಾಗಾದರೆ ಎರಡು ಹಾಳೆಗಳಿರಲಿ. ಹಾರ್ವೆಗೆ ಉತ್ತರ ಅಕ್ಷಾಂಶ 20ರಿಂದ 32, ಪಶ್ಚಿಮ ರೇಖಾಂಶ 90ರಿಂದ 100 ಸಾಕಾಗುತ್ತದೆ. ತೌಕ್ತೆಗೆ ಉತ್ತರ ಅಕ್ಷಾಂಶ 9ರಿಂದ 23, ಪೂರ್ವ ರೇಖಾಂಶ 68ರಿಂದ 76. ಎರಡಕ್ಕೂ ಒಂದು ಡಿಗ್ರಿಗೆ ಒಂದೇ ಅಳತೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಯಾವುದು ನಿಧಾನವಾಗಿ ಸಾಗಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ನಿಮ್ಮ ಮಕ್ಕಳು ಹಾರ್ವೆಯ ಬಗ್ಗೆ, ನನ್ನ ಮಕ್ಕಳು ತೌಕ್ತೆಯ ಬಗ್ಗೆ ಬರೆದ ಪ್ರಶ್ನೆಗಳನ್ನು ಅದಲುಬದಲು ಮಾಡಿಕೊಳ್ಳೋಣ. ಇಲ್ಲಿಯ ಎಂಟನೆಯ ತರಗತಿಯವರು ಈಗಾಗಲೇ ಒಂದನ್ನು ಕೇಳಿದ್ದಾರೆ: ಕೇಂದ್ರ ಸಮುದ್ರದಲ್ಲೇ ಇದ್ದಾಗ ಕುಂದಾಪುರದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿತ್ತು?